ಓಣಿಯಗಲದ ಕಾರು

ಊರೊಳಗಿನ ಓಡಾಟಕ್ಕೆ ಚಿಕ್ಕ ಕಾರಿನಷ್ಟು ಅನುಕೂಲದ್ದು ಇನ್ನೊಂದಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ನಾನು ಹೇಳುತ್ತ ಬಂದಿದ್ದೇನೆ. ಕೊಂಡುಬಿಟ್ಟವನು ಹೇಳದೆ ಇನ್ಯಾರು ಹೇಳಬೇಕು? ಪೆಟ್ರೋಲು ಕಡಿಮೆ ಕುಡಿಯುತ್ತದೆ. ಸಂತೆಯ ದಿನ ಸೊಪ್ಪಿನ ಗಾಡಿಗೂ ಎಮ್ಮೆಗೂ ನಡುವೆ ನುಸುಳಿಕೊಂಡು ಹೋಗುತ್ತದೆ. ನಿಲ್ಲಿಸುವುದಕ್ಕೆ ಒಂದು ಜೊತೆ ಎತ್ತು ಮಲಗುವಷ್ಟು ಜಾಗ ಸಾಕು. ತಿರುಗಿಸುವುದಕ್ಕೆ ಬಸ್ ಸ್ಟ್ಯಾಂಡಿನವರೆಗೆ ಹೋಗಬೇಕಾಗಿಲ್ಲ. ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಇನ್ನೂ ಒಂದು ಅನುಕೂಲವಿದೆ. ಅದನ್ನು ಕಂಡುಹಿಡಿದವಳು ನಮ್ಮ ಅವ್ವ. ಆದ್ದರಿಂದ ಅದು ಕೊನೆಗೆ ಬರುತ್ತದೆ.

ನಾನು ತಿಪಟೂರಿನಲ್ಲಿ ಕಾಲೇಜಿನ ಹುಡುಗರಿಗೆ ಗಣಿತ ಹೇಳುವವನು. ಅದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಚಿಂತೆ ಮಾಡುವುದು. ಅದಕ್ಕೆ ಬೇಸಿಗೆ ರಜೆ, ದಸರಾ ರಜೆ ಯಾವುದೂ ಇಲ್ಲ. ಬೀಗ ಹಾಕಿದ ಬಾಗಿಲನ್ನು ಬೀದಿಯ ತುದಿಯಿಂದ ವಾಪಸು ಬಂದು ಎಳೆದು ನೋಡುತ್ತೇನೆ. ಹೊನ್ನವಳ್ಳಿಯ ನಮ್ಮ ತೋಟಕ್ಕೆ ಹೋದರೆ ತಲೆಯ ಮೇಲೆ ಕೈಯಿಟ್ಟುಕೊಂಡು ಮರಗಳ ಕೆಳಗೆ ನಡೆಯುತ್ತೇನೆ. "ತೆಂಗಿನ ಮರಕ್ಕೆ ಕಣ್ಣೈತೆ ಕಣಪ್ಪ, ಮನುಷ್ಯರ ತಲೆ ಮ್ಯಾಲೆ ಕಾಯಿ ಉದುರ್ಸಾಕಿಲ್ಲ" ಎಂದು ಅವ್ವ ನನ್ನ ಚಿಕ್ಕಂದಿನಿಂದ ಹೇಳುತ್ತಿದ್ದಾಳೆ. ಮರಕ್ಕೆ ಕಣ್ಣಿರಬಹುದು. ಆದರೆ ನಲವತ್ತು ದಾಟಿದ ಮೇಲೆ ಕಣ್ಣು ಏನಾಗುತ್ತದೆ ಎಂಬುದು ನನಗೆ ಗೊತ್ತು, ನಮ್ಮ ತೋಟದ ಮರಗಳು ನನಗಿಂತ ಹಿರಿಯವು.

ಇಪ್ಪತ್ತು ವರ್ಷ ನಾನು ಚಿಂತೆ ಮಾಡಿದ್ದು ಅಟ್ಟದ ಏಣಿಯನ್ನು ಕುರಿತು. ಪೇಟೆಯ ಹಳೇ ಓಣಿಯಲ್ಲಿರುವ ನಮ್ಮ ಮನೆಯ ಅಟ್ಟದ ಮೇಲೆ ತೋಟದ ಕಾಯಿಗಳು ಕೊಬ್ಬರಿಯಾಗಲು ಬಿದ್ದಿರುತ್ತವೆ. ವರ್ಷ ತುಂಬುತ್ತ ಬಂದಂತೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆ ಸದ್ದು ಕೇಳುವುದಕ್ಕೆಂದು ಅವ್ವ ಅರವತ್ತೈದು ದಾಟಿದ ಮೇಲೂ ಏಣಿ ಹತ್ತುತ್ತಿದ್ದಳು. ನಾನು ಕೆಳಗೆ ಏಣಿ ಹಿಡಿದುಕೊಂಡು ನಿಂತು ಬೈಯುತ್ತಿದ್ದೆ. ಕೊನೆಗೆ ಅವ್ವ ಬಿದ್ದದ್ದು ಏಣಿಯಿಂದಲ್ಲ, ಹಿತ್ತಲಿನ ಸಮನೆಲದಲ್ಲಿ, ನೀರಿನ ತೊಟ್ಟಿಯ ಪಕ್ಕದ ಪಾಚಿಯ ಮೇಲೆ. ಪಾಚಿಯ ಬಗ್ಗೆ ನಾನು ಒಂದು ದಿನವೂ ಚಿಂತೆ ಮಾಡಿರಲಿಲ್ಲ. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ಇದು ನಾಲ್ಕೈದು ವರ್ಷದ ಹಿಂದಿನ ಮಾತು, ಎಂಬತ್ತರ ದಶಕದ ನಡುಮಧ್ಯದ್ದು. ಮೊಣಕಾಲಿನ ಹತ್ತಿರ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿ ಬಿಚ್ಚುವ ಹೊತ್ತಿಗೆ ಮೂಳೆ ಕೂಡಿಕೊಂಡಿತ್ತು, ಕಾಲು ಮಾತ್ರ ಮಡಿಸಲು ಬಾರದೆ ನೇರ ನಿಂತಿತ್ತು. ಡಾಕ್ಟರು ಹೇಳಿದರು: "ದಿನ ಬಿಟ್ಟು ದಿನ ಕರ್ಕೊಂಡು ಬನ್ನಿ, ಎರಡು ತಿಂಗಳು. ಶಾಖ ಕೊಟ್ಟು ಸ್ವಲ್ಪ ಸ್ವಲ್ಪವೇ ಮಡಿಸ್ಬೇಕು. ಈಗ ಬಿಟ್ರೆ ಈ ಕಾಲು ದೊಣ್ಣೆ ಥರಾ ಹೀಗೇ ನಿಂತುಬಿಡುತ್ತೆ."

ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ತುರಿಯೋ ಮಣೆ ಮ್ಯಾಲೆ ಕೂತ್ಕೊಳ್ಳಾಕೆ ಆಯ್ತದಾ ಡಾಕ್ಟ್ರೇ?"

"ತೊಂಬತ್ತು ಡಿಗ್ರಿ ಮಡಿಸಿದ್ರೆ ಆಗುತ್ತಮ್ಮ."

ಅವ್ವ ನನ್ನ ಕಡೆ ತಿರುಗಿದಳು. "ತೊಂಬತ್ತು ಅಂದ್ರೆ ಎಷ್ಟ್ಲಾ?"

ನಾನು ಮೊಣಕೈ ಮಡಿಸಿ ತೋರಿಸಿದೆ. ಅವ್ವ ತನ್ನ ಮೊಣಕೈಯನ್ನೂ ಹಾಗೆಯೇ ಮಡಿಸಿ ನೋಡಿಕೊಂಡಳು. ನಮ್ಮ ಕಡೆ ಕಾಯಿ ಬೀಳದ ಅಡುಗೆಯಿಲ್ಲ. ಬೆಳಗಾಗೆದ್ದು ಮಣೆಯ ಮೇಲೆ ಒಂದು ಕಾಲು ಮಡಿಸಿ ಕೂತು ಕಾಯಿ ತುರಿಯುವವಳೇ ಆ ಮನೆಯ ಯಜಮಾನಿ. ಬಿದ್ದ ದಿನದಿಂದ ನನ್ನ ಹೆಂಡತಿ ತುರಿಯುತ್ತಿದ್ದಳು. ಅವ್ವ ಮಂಚದ ಮೇಲಿಂದ ಆ ಸದ್ದು ಕೇಳುತ್ತ, "ಚಿಪ್ಪೂ ಸೇರ್ಸಿ ತುರೀತಾವ್ಳೆ" ಎಂದು ಗೋಡೆಗೆ ಹೇಳುತ್ತಿದ್ದಳು.

ಅಂದು ಬಾಡಿಗೆ ಕಾರಿನಲ್ಲಿ ವಾಪಸು ಬಂದೆವು. ನಮ್ಮ ಓಣಿಗೆ ದೊಡ್ಡ ಕಾರು ನುಗ್ಗುವುದಿಲ್ಲ. ಓಣಿಯ ಬಾಯಿಂದ ನಮ್ಮ ಮನೆಗೆ ನಲವತ್ತು ಹೆಜ್ಜೆ. ಅವ್ವ ಕೋಲು ಹಿಡಿದು, ಯಾರದಾದರೂ ಹೆಗಲು ಹಿಡಿದು ಆರೋ ಎಂಟೋ ಹೆಜ್ಜೆ ಹಾಕುವಳು, ಅಷ್ಟೆ. ಎದುರು ಮನೆಯವರು ಕೊಬ್ಬರಿ ಮಾಡಿಸುವವರು. ಹಳ್ಳಿಗಳಿಂದ ಕಾಯಿ ತರಿಸಿ, ಮನೆಯ ಮುಂದಿನ ಅಂಗಳದಲ್ಲೇ ಸುಲಿಸಿ, ಒಡೆಸಿ, ಮಾರುಕಟ್ಟೆಗೆ ಕಳಿಸುವರು. ಅವರ ಆಳುಗಳು ನಾಲ್ಕು ಜನ ಬಂದರು. ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಸೆರಗು ಸರಿ ಮಾಡಿ, ಕುರ್ಚಿಯ ನಾಲ್ಕು ಕಾಲು ಹಿಡಿದು ಹೆಗಲಿಗೆ ಎತ್ತಿಕೊಂಡರು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಜನದಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಕೂರಿಸಿ, ಕೂತ ಹಾಗೆಯೇ ಹೊತ್ತುಕೊಂಡು ಹೋಗುತ್ತಾರೆ. ಅವ್ವ ದಿನವೂ ಹಣೆ ತುಂಬ ವಿಭೂತಿ ಹಚ್ಚುವವಳು. ನೋವಿಗೆ ಕಣ್ಣು ಮುಚ್ಚಿಕೊಂಡಿದ್ದಳು. ಓಣಿಯ ಬಾಯಲ್ಲಿ ಯಾರೋ ಹಳ್ಳಿಯ ಮನುಷ್ಯ, ನೊಣವಿನಕೆರೆ ಕಡೆಯವನಿರಬೇಕು, ನಮ್ಮನ್ನು ಕಂಡವನೇ ಪಕ್ಕಕ್ಕೆ ಸರಿದು, ಚಪ್ಪಲಿ ಬಿಟ್ಟು, ರುಮಾಲು ತೆಗೆದು, ಕೈಮುಗಿದು, "ಪುಣ್ಯಾತ್ಗಿತ್ತಿ, ಮುಖದಾಗೆ ಇನ್ನೂ ಕಳೆ ಐತೆ" ಎಂದ.

ಅವ್ವ ಕಣ್ಣು ಬಿಡಲಿಲ್ಲ. ಮನೆಯೊಳಗೆ ಬಂದು ಮಂಚದ ಮೇಲೆ ಕೂತ ಮೇಲೆ ಬಿಟ್ಟಳು.

"ನಾಕು ಜನ ಹೊತ್ಕೊಂಡೋಗೋದು ಒಂದೇ ಸಲ ಕಣಪ್ಪ. ಅವತ್ತು ಬೇಕಾದ್ರೆ ವಾಲಗ ಊದಿಸ್ಕೊಂಡು ಹೊತ್ಕೊಂಡೋಗಿ, ನಾನೇನೂ ಅನ್ನಾಕಿಲ್ಲ. ಅಲ್ಲೀಗಂಟ ಈ ಹೊಸ್ಲು ದಾಟಾಕಿಲ್ಲ."

"ಹಂಗಂದ್ರೆ ಕಾಲು ದೊಣ್ಣೆ ಆಗ್ತದೆ ಅಂದ್ರಲ್ಲವ್ವಾ ಡಾಕ್ಟ್ರು."

"ಆಗ್ಲಿ ಬುಡು. ನಿನ್ನ ಹೊಡಿಯಾಕೆ ಬತ್ತದೆ."

ಆಸ್ಪತ್ರೆಯ ಸರದಿಗಳು ಒಂದೊಂದಾಗಿ ತಪ್ಪತೊಡಗಿದವು. ನನ್ನ ಚಿಂತೆ ಎಲ್ಲ ದಾರಿಗಳನ್ನೂ ಸುತ್ತಿ ಬಂತು. ಜಟಕಾದ ಮೆಟ್ಟಿಲು ಎತ್ತರ. ಆಟೋದಲ್ಲಿ ಮಡಿಸಲಾಗದ ಕಾಲು ಹೊರಗೆ ಚಾಚಿಕೊಂಡು ಗೋಡೆಗೆ ಉಜ್ಜುತ್ತದೆ. ಎತ್ತಿನ ಗಾಡಿ ಬಾಗಿಲಿಗೇ ಬರುತ್ತದೆ, ಆದರೆ ಅದರ ಕುಲುಕಾಟಕ್ಕೆ ಕೂಡಿಕೊಂಡ ಮೂಳೆಯೂ ಬಿಡುತ್ತದೆ ಎಂದು ಡಾಕ್ಟರು ಬೇಡವೆಂದರು. ಆಗ ಹೊಳೆದದ್ದು ಚಿಕ್ಕ ಕಾರು. ಅದು ಆಗಷ್ಟೇ ರಸ್ತೆಗೆ ಬಂದಿದ್ದ ಕಾಲ. ಬೆಂಗಳೂರಿನಲ್ಲಿದ್ದ ನನ್ನ ಭಾವಮೈದ ಬುಕ್ ಮಾಡಿ ಕಾದು ಒಂದನ್ನು ತೆಗೆದುಕೊಂಡು, ಒಂದೇ ತಿಂಗಳಲ್ಲಿ ಬೇಸತ್ತಿದ್ದ. ಆರಡಿ ಆಳು; ಓಡಿಸುವಾಗ ಮೊಣಕಾಲು ಗದ್ದಕ್ಕೆ ಬಡಿಯುತ್ತದೆ ಎನ್ನುತ್ತಿದ್ದ. ನಾನು ಐದಡಿ ಮೂರಂಗುಲ. ನನ್ನ ಎತ್ತರ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಕೊಳ್ಳುವ ಮುಂಚೆ ಅಳತೆ ಮಾಡಿದೆ. ಮಾಡದೆ ಬಿಡುವವನಲ್ಲ. ತೆಂಗಿನ ನಾರಿನ ಹುರಿಯೊಂದನ್ನು ತೆಗೆದುಕೊಂಡು ಓಣಿಯ ಅಗಲವನ್ನು ಹೆಜ್ಜೆಗೊಂದು ಸಲ ಅಳೆದು, ಎಲ್ಲಕ್ಕಿಂತ ಇಕ್ಕಟ್ಟಾದ ಕಡೆಯ ಅಳತೆಗೆ ಗಂಟು ಹಾಕಿದೆ. ಆ ಇಕ್ಕಟ್ಟು ನಮ್ಮ ಮನೆಯ ಮುಂದೆಯೇ: ಈ ಕಡೆ ನಮ್ಮ ಕಲ್ಲಿನ ಜಗಲಿ, ಆ ಕಡೆ ಎದುರು ಮನೆಯ ಅಂಗಳದಿಂದ ಓಣಿಯ ಅಂಚಿನವರೆಗೂ ಬಂದು ನಿಂತ, ಸುಲಿದು ಹಾಕಿದ ಕಾಯಿಮಟ್ಟೆಯ ರಾಶಿ. ಎದುರು ಮನೆಯ ಯಜಮಾನರು ನೋಡುತ್ತ ನಿಂತಿದ್ದರು.

"ಏನ್ ಮೇಷ್ಟ್ರೇ, ಓಣಿ ಮಾರ್ತೀರಾ?"

"ಕಾರು ತರ್ತೀನಿ ಯಜಮಾನ್ರೇ. ಎತ್ತಿನ ಗಾಡಿ ಬರೋ ಕಡೆ ಕಾರು ಬರಲ್ವಾ?"

ಅವರು ಏನೋ ಹೇಳಲು ಬಾಯಿ ತೆರೆದರು. ಮೇಷ್ಟರಿಗೆ ಹೇಳುವುದೇನು ಎಂದುಕೊಂಡರೋ ಏನೋ, ಎಲೆಅಡಿಕೆ ಹಾಕಿಕೊಂಡು ಬಾಯಿ ಮುಚ್ಚಿದರು.

ಹುರಿಯನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋಗಿ ಕಾರಿನ ಮೈಗೆ ಹಿಡಿದೆ. ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು ಉಳಿಯಿತು. ಮೂರು ಸಲ ಹಿಡಿದೆ, ಮೂರು ಸಲವೂ ಅಷ್ಟೇ. ಅವತ್ತು ರಾತ್ರಿ ಭಾವಮೈದನ ಮನೆಯಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ನಾನು ಚೆನ್ನಾಗಿ ನಿದ್ದೆ ಮಾಡಿದ ರಾತ್ರಿಗಳ ಮೇಲೆ ನನಗೆ ಈಗ ನಂಬಿಕೆಯಿಲ್ಲ.

ಕಾರು ಊರಿಗೆ ಬಂತು. ಊರಿನ ಟ್ಯಾಕ್ಸಿಯವನೊಬ್ಬ ಹತ್ತು ದಿನ ಕಲಿಸಿದ. ಮುಂದಕ್ಕೆ ಹೋಗುವುದು ಬಂತು. ಹಿಂದಕ್ಕೆ ಬರುವುದು ಇನ್ನೂ ಕೈಗೆ ಹತ್ತಿರಲಿಲ್ಲ. ಕಾಲೇಜಿನ ಮುಂದೆ ನಿಲ್ಲಿಸಿದರೆ ಸುತ್ತ ಜನ. "ಇದು ಮರಿ ಕಣ್ಲಾ, ಇದರವ್ವ ಎಲ್ಲೈತೆ?" ಎಂದು ಒಬ್ಬ. "ಮೇಷ್ಟ್ರೇ, ಸಂಜೆ ಹೊತ್ತು ಇದನ್ನ ಮನೆಯೊಳಕ್ಕೆ ಎತ್ತಿಟ್ಕೊಂತೀರಾ?" ಎಂದು ಇನ್ನೊಬ್ಬ. ನಾನು ನಗುತ್ತ ಅನುಕೂಲಗಳನ್ನು ಹೇಳುತ್ತಿದ್ದೆ.

ಒಂದು ಸಂಜೆ ಕಾರನ್ನು ಓಣಿಯೊಳಗೆ ತಂದೆ. ಇರುವೆ ನಡೆದಷ್ಟು ನಿಧಾನವಾಗಿ, ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು. ಗೀರು ಕೂಡ ಬೀಳಲಿಲ್ಲ. ಮನೆಯ ಬಾಗಿಲಿಗೆ ಸರಿಯಾಗಿ ನಿಲ್ಲಿಸಿ ಹಾರ್ನ್ ಮಾಡಿದೆ. ಕಿಟಕಿಯಲ್ಲಿ ಅವ್ವನ ಮುಖ, ಬಾಗಿಲಲ್ಲಿ ನನ್ನ ಹೆಂಡತಿ, ಅಂಗಳದಲ್ಲಿ ಯಜಮಾನರು, ಅವರ ಆಳುಗಳು. ಗೆದ್ದವನ ಹಾಗೆ ಬಾಗಿಲು ತಳ್ಳಿದೆ. ಬಾಗಿಲು ನಾಲ್ಕು ಬೆರಳು ತೆರೆದುಕೊಂಡು ಮಟ್ಟೆಯ ರಾಶಿಗೆ ತಗುಲಿ ನಿಂತಿತು.

ಆ ಕಡೆಯದನ್ನು ತಳ್ಳಿದೆ. ಜಗಲಿಗೆ ತಗುಲಿತು. ಅಲ್ಲೂ ನಾಲ್ಕು ಬೆರಳು. ಲೆಕ್ಕ ತಪ್ಪಿರಲಿಲ್ಲ.

"ಇಳೀರಿ ಮತ್ತೆ" ಎಂದಳು ಹೆಂಡತಿ.

"ಇಳೀತೀನಿ ಇರೇ."

"ಯಾವಾಗ?"

ಯಜಮಾನರು ಎಲೆಅಡಿಕೆ ಉಗಿದು ಬಂದರು. "ಅವತ್ತೇ ಹೇಳೋಣ ಅಂದ್ಕಂಡೆ ಮೇಷ್ಟ್ರೇ. ಗಾಡಿ ಬತ್ತದೆ, ದಿಟ. ಆದ್ರೆ ಗಾಡಿಗೆ ಬಾಗ್ಲಿಲ್ಲ."

ಕಿಟಕಿಯಿಂದ ಅವ್ವನ ದನಿ ಬಂತು, ನೆಮ್ಮದಿಯಾಗಿ: "ಕೊಬ್ರಿ ಆಗೈತೆ ಬುಡು. ಇನ್ನು ಚಿಪ್ಪು ಒಡೀದೆ ಈಚೆಗೆ ಬರಾಕಿಲ್ಲ."

ಆ ಕಾರಿಗೆ ಹಿಂದುಗಡೆ ಸಾಮಾನಿಗೆಂದು ಮೇಲಕ್ಕೆ ತೆರೆಯುವ ಬಾಗಿಲೊಂದಿತ್ತು. ಅದನ್ನು ಹೊರಗಿನಿಂದ ಕೀಲಿ ಹಾಕಿ ತೆಗೆಯಬೇಕು. ಕಿಟಕಿಯಲ್ಲಿ ಕೀಲಿ ಕೊಟ್ಟೆ. ಹೆಂಡತಿ ಜಗಲಿಯ ಮೇಲೆ ನಡೆದು ಹೋಗಿ ಹಿಂದೆ ಇಳಿದು ತೆಗೆದಳು. ಎರಡು ಸೀಟಿನ ಸಾಲು ಹತ್ತಿ ದಾಟಿ, ಕಾಲು ಮುಂದಾಗಿ, ಪಂಚೆ ಒಂದು ಕಡೆ ನಾನೊಂದು ಕಡೆ ಆಗದಂತೆ ಹಿಡಿದುಕೊಂಡು ಹೊರಗೆ ಜಾರಿದೆ. ನನ್ನ ಬಳಿ ಪಾಠ ಕೇಳುತ್ತಿದ್ದ ಇಬ್ಬರು ಹುಡುಗರು ಓಣಿಯ ಬಾಯಲ್ಲಿ ನಿಂತು ಗಂಭೀರವಾಗಿ ನಮಸ್ಕಾರ ಸಾರ್ ಎಂದರು. ಆಮೇಲೆ ಟ್ಯಾಕ್ಸಿಯವನನ್ನು ಕರೆಸಿದೆ. ಅವನೂ ಅದೇ ದಾರಿಯಲ್ಲಿ ಒಳಗೆ ಹೋಗಿ ಹಿಂದಕ್ಕೆ ತೆಗೆದುಕೊಟ್ಟ. "ಸಾರ್, ಇದು ಬಾವಿಗೆ ಇಳಿದಂಗೆ ಐತೆ" ಎಂದ.

ಮಾರನೆಯ ಬೆಳಿಗ್ಗೆ ನಾನು ಯಜಮಾನರ ಜಗಲಿಯ ಮೇಲೆ ಕೂತಿದ್ದೆ. ಮಟ್ಟೆಯ ರಾಶಿ ಒಂದು ಗಾಡಿಯಷ್ಟು ಹಿಂದೆ ಸರಿದರೆ ಕಾರನ್ನು ಅವರ ಅಂಗಳಕ್ಕೆ ಹೊರಳಿಸಬಹುದು, ಬಾಗಿಲು ತೆರೆಯುತ್ತದೆ, ನಮ್ಮ ಮೆಟ್ಟಿಲಿನಿಂದ ಅಲ್ಲಿಗೆ ಆರು ಹೆಜ್ಜೆ. ಆರು ಹೆಜ್ಜೆ ಅವ್ವ ಹಾಕುತ್ತಾಳೆ. ಕೇಳಲು ನಾಲಿಗೆ ಬರುತ್ತಿರಲಿಲ್ಲ. ಅಂಗಳವೆಂದರೆ ಅವರ ಹೊಟ್ಟೆಪಾಡು.

"ದೊಡ್ಡವ್ವನಿಗೆ ಅಲ್ವಾ?" ಎಂದರು ಯಜಮಾನರು. "ದಿನ ಬಿಟ್ಟು ದಿನ ಹತ್ತು ಗಂಟೆಗೆ ಖಾಲಿ ಇರ್ತದೆ. ಹೋಗಿ. ಆದ್ರೆ ಒಂದ್ ಮಾತು, ಹಿಂದಕ್ಕೆ ಹೊಡಿಯೋದು ಕಲ್ತ್ಕೊಳಿ. ದಿನಾ ಹಿಂಬಾಗ್ಲಲ್ಲಿ ನೀವು ಈಚೆಗೆ ಬಂದ್ರೆ ಅದ ನೋಡ್ತಾ ನಮ್ ಆಳುಗಳು ಕೆಲ್ಸ ಬುಡ್ತಾರೆ."

ಹೊರಡುವ ದಿನ ಅವ್ವ ಕಾರಿನ ಪಕ್ಕ ಕೋಲೂರಿ ನಿಂತು, ಇನ್ನೊಂದು ಕೈ ಅದರ ನೆತ್ತಿಯ ಮೇಲಿಟ್ಟು ಅಲ್ಲಾಡಿಸಿದಳು. ಕಾರು ಅಲ್ಲಾಡಿತು. ಕಿವಿ ಹತ್ತಿರ ತಂದು ಕೇಳಿದಳು. "ಒಳಗೇನೂ ಸದ್ದಿಲ್ಲ. ಇನ್ನೂ ಹಸಿ" ಎಂದಳು. ಹಿಂದಿನ ಸೀಟಿನಲ್ಲಿ ಬೆನ್ನನ್ನು ಒಂದು ಬಾಗಿಲಿಗೆ ಆನಿಸಿ, ಕಾಲನ್ನು ಸೀಟಿನುದ್ದಕ್ಕೂ ನೀಡಿ ಕೂತಾಗ, ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಚಿಕ್ಕ ಕಾರಿಗೆ ಹೊಂದುವ ಚಿಕ್ಕ ಅವ್ವ. ನಾನು ಕನ್ನಡಿಯಲ್ಲಿ ನೋಡಿದೆ. ಅವಳು ಆಗಲೇ ಪೇಟೆ ನೋಡುತ್ತಿದ್ದಳು. ಮೂರು ತಿಂಗಳಾಗಿತ್ತು ಅವಳು ಹೀಗೆ ಕಣ್ಣು ತುಂಬ ಪೇಟೆ ನೋಡಿ.

ಮೂರು ವಾರ ಹೀಗೇ ನಡೆಯಿತು. ಡಾಕ್ಟರು ಕಾಲು ಮಡಿಸುವಾಗ ನಾನು ಪಕ್ಕದಲ್ಲಿ ನಿಂತು ಕೋನ ಅಂದಾಜು ಮಾಡುತ್ತಿದ್ದೆ. ಮೂವತ್ತು. ಮೂವತ್ತೈದು. ನಲವತ್ತಾಯಿತು ಎಂದಾಗ ಅವ್ವ ಹಲ್ಲು ಕಚ್ಚಿಕೊಂಡು ಡಾಕ್ಟರ ವಂಶಕ್ಕೆಲ್ಲ ಏನೇನೋ ಹೇಳಿದಳು. ಅವರು ಬೇರೆ ಜಿಲ್ಲೆಯವರು, ಅರ್ಧ ಅರ್ಥವಾಗಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ನೆರಳಿಗೆ ಎರಡೇ ಮರ, ಎರಡೂ ತೆಂಗು. ಈ ಕಾರಿನ ತಗಡು ಎಷ್ಟು ತೆಳುವೆಂದರೆ ಬೆರಳಲ್ಲಿ ಒತ್ತಿದರೆ ಬಗ್ಗಿ, ಬಿಟ್ಟರೆ ಟಪ್ ಎನ್ನುತ್ತಿತ್ತು. ನಾನು ದಿನವೂ ಬಿಸಿಲಿಗೇ ನಿಲ್ಲಿಸುತ್ತಿದ್ದೆ.

"ನೆಳ್ಳಾಗೆ ನಿಲ್ಸಪ್ಪ. ಮರಕ್ಕೆ ಕಣ್ಣೈತೆ ಅಂತ ಏಟು ಸಲ ಹೇಳ್ಬೇಕು?"

"ಅದು ಮನುಷ್ಯರಿಗೆ ಕಣವ್ವ. ಕಾರಿಗೂ ಅಂತ ಯಾರೂ ಹೇಳಿಲ್ಲ."

ಹೀಗಾಗಿ ವಾಪಸು ಬರುವಾಗ ಸೀಟು ಹಂಚಿನಂತಿರುತ್ತಿತ್ತು. ಅವ್ವನ ಅಡಿಗೆ ಒದ್ದೆ ಗೋಣಿತಾಟು ಹಾಸಿ ಕರೆತರುತ್ತಿದ್ದೆ.

ನಾಲ್ಕನೆಯ ವಾರದ ಒಂದು ದಿನ ಆಸ್ಪತ್ರೆಯಲ್ಲಿ ಬಹಳ ಹೊತ್ತು ಹಿಡಿಯಿತು. ಐವತ್ತು ಡಿಗ್ರಿಯ ಹತ್ತಿರ ಬಂದಿತ್ತು. ನೋವಿಗೆ ಅವ್ವನ ಮುಖ ಬೆವೆತಿತ್ತು. ಮಟಮಟ ಮಧ್ಯಾಹ್ನ ಓಣಿಯೊಳಗೆ ಕಾರು ನುಗ್ಗಿಸಿ ಎದುರಿನ ಅಂಗಳಕ್ಕೆ ಹೊರಳಿಸಲು ನೋಡುತ್ತೇನೆ, ಅಂಗಳವಿಲ್ಲ. ಕಂದಿಕೆರೆ ಕಡೆಯಿಂದ ಎರಡು ಗಾಡಿ ಕಾಯಿ ಹೇಳದೆ ಕೇಳದೆ ಬಂದಿತ್ತಂತೆ. ಸುಲಿದ ಮಟ್ಟೆ ಓಣಿಯ ಅಂಚಿಗೆ ಬಂದು ಗೋಡೆಯಾಗಿತ್ತು. ಹಿಂದಕ್ಕೆ ಹೋಗೋಣ, ಅಷ್ಟು ಹೊತ್ತಿಗೆ ಹಿಂದಕ್ಕೆ ಹೋಗುವುದನ್ನೂ ಕಲಿತಿದ್ದೆ, ಎಂದು ತಿರುಗಿ ನೋಡಿದರೆ ಹಿಂದಿನ ಗಾಜಿನ ತುಂಬ ಎರಡು ಎತ್ತಿನ ಮುಖ. ಮೂರನೆಯ ಗಾಡಿ ನಮ್ಮ ಬೆನ್ನಿಗೇ ಓಣಿ ಹೊಕ್ಕಿತ್ತು. ಮುಂದೆ ಓಣಿ ಮುಗಿಯುತ್ತದೆ. ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು.

ಯಜಮಾನರು ಓಡಿ ಬಂದರು. "ತಪ್ಪಾಯ್ತು ಮೇಷ್ಟ್ರೇ, ಒಂದ್ ಗಂಟೆ ಕೊಡಿ, ಮಟ್ಟೆ ಎಲ್ಲಾ ಸರ್ಸಿ ಬುಡ್ತೀನಿ."

"ಒಂದ್ ಗಂಟೆ ಆಗಾಕಿಲ್ಲ" ಎಂದಳು ಅವ್ವ ಹಿಂದಿನಿಂದ, ಬಹಳ ಸಣ್ಣ ದನಿಯಲ್ಲಿ. ನನ್ನ ಹೆಂಡತಿ ಜಗಲಿಯ ಮೇಲಿಂದ ಕಿಟಕಿಗೆ ಬಗ್ಗಿ ಕೇಳಿದಳು. ಅವ್ವ ಅವಳ ಕಿವಿಯಲ್ಲಿ ಏನೋ ಹೇಳಿದಳು.

"ಅತ್ತೆಗೆ ಬಚ್ಚಲಿಗೆ ಹೋಗ್ಬೇಕಂತೆ ಕಣ್ರೀ. ಈಗ್ಲೇ."

ಬಿಸಿಲು ನೆತ್ತಿಯ ಮೇಲಿತ್ತು. ಒಳಗೆ ಉಸಿರು ಕಟ್ಟುತ್ತಿತ್ತು. ಹಿಂಬಾಗಿಲ ಮಾತು ನಾನು ಎತ್ತಿದೆ, ಎತ್ತಬಾರದಿತ್ತು. "ಮೂಟೆ ಇಳ್ಸಿದಂಗೆ ಇಳ್ಸ್ತೀಯಾ ನನ್ನ?" ಎಂದಳು ಅವ್ವ. ಮಡಿಸಲಾಗದ ಕಾಲು ಸೀಟು ದಾಟುವುದೂ ಸಾಧ್ಯವಿರಲಿಲ್ಲ. ಆಳುಗಳಲ್ಲಿ ಕಾಯಿ ಸುಲಿಯುವ ಒಬ್ಬ ದಪ್ಪ ತೋಳಿನವನು ಮಟ್ಟೆಯ ರಾಶಿಯ ಮೇಲೆ ನಿಂತು ಕಾರನ್ನು ತಲೆಯಿಂದ ಬಾಲದವರೆಗೆ ನೋಡುತ್ತಿದ್ದ.

"ಮೇಷ್ಟ್ರೇ, ಇದು ಏಟು ಭಾರ ಐತೆ?"

"ಆರುನೂರು ಕೇಜಿ ಮೇಲೆ. ಅದರ ಜೊತೆಗೆ ನಾವಿಬ್ಬರು..."

"ಕೇಜಿ ಬ್ಯಾಡ, ಕೊಬ್ರಿ ಮೂಟೆ ಲೆಕ್ಕದಾಗೆ ಹೇಳಿ."

ನನ್ನ ಜೀವನದಲ್ಲಿ ಅಷ್ಟು ಬೇಗ ಭಾಗಾಕಾರ ಮಾಡಿದ್ದಿಲ್ಲ. ಹೇಳಿದೆ. ಅವನು ಕೈ ಉಜ್ಜಿಕೊಂಡ. "ಇಂಜಿನ್ನು ಮುಂದೈತೆ. ಹಿಂದ್ಗಡೆ ಅದರಾಗೆ ಅರ್ಧಾನೂ ಇಲ್ಲ. ಬಾಲ ಎತ್ತಿ ಮಟ್ಟೆ ಮ್ಯಾಲೆ ಮಡಗಿದ್ರೆ ಈ ಕಡೆ ಎಲ್ಡು ಅಡಿ ಜಾಗ ಬತ್ತದೆ. ಬಾಗ್ಲು ತೆಗೀತದೆ. ದೊಡ್ಡವ್ವ ಇಳೀತಾಳೆ." ಯಜಮಾನರು ಗಾಡಿಯವನಿಗೆ ಕೂಗಿ ಎತ್ತುಗಳನ್ನು ಎರಡು ಮಾರು ಹಿಂದಕ್ಕೆ ತಳ್ಳಿಸಿದರು. ಆಳುಗಳು ಬಂದು ಕಾರಿನ ಹಿಂದೆ ನಿಂತರು.

ನಾನು ಎಣಿಸಿದೆ. ನಾಲ್ಕು ಜನ.

ಕನ್ನಡಿಯಲ್ಲಿ ಅವ್ವನನ್ನು ನೋಡಿದೆ. ಅವಳೂ ಎಣಿಸುತ್ತಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಅವಳು ಬೇಡವೆಂದರೆ ಬೇಡವೇ; ನಾಳೆಯಿಂದ ಆಸ್ಪತ್ರೆಯೂ ಇಲ್ಲ, ಐವತ್ತರಲ್ಲೇ ನಿಂತುಬಿಡುತ್ತದೆ ಕಾಲು. ಕೆಳಗಿಳಿದು ಐದನೆಯವನಾಗಿ ಕೈ ಹಾಕೋಣವೆಂದರೆ ನನ್ನ ಬಾಗಿಲೂ ತೆರೆಯುವುದಿಲ್ಲ. "ಯಜಮಾನ್ರೇ, ನೀವೂ ಒಂದ್ ಕೈ ಹಾಕಿ, ಐದು ಜನ ಆಗ್ಲಿ" ಎಂದೆ. ಯಾಕೆಂದು ಅವರಿಗೆ ಅರ್ಥವಾಯಿತು. ಪಂಚೆ ಎತ್ತಿ ಕಟ್ಟಿದರು. ಆದರೆ ಆ ಸಂದಿಯಲ್ಲಿ ಐದನೆಯವನಿಗೆ ಜಾಗವೇ ಇರಲಿಲ್ಲ. ಚಿಕ್ಕ ಕಾರು.

"ಅವ್ವಾ" ಎಂದೆ.

"ನೀನೂ ಒಳಗೇ ಇದೀಯಲ್ಲ?"

"ಇದೀನಿ."

"ಹಂಗಾದ್ರೆ ಅದಲ್ಲ ಇದು. ಅವತ್ತು ನೀನು ಹಿಂದೆ ನಡ್ಕೊಂಡು ಬತ್ತೀಯ." ಆಮೇಲೆ ದನಿ ಎತ್ತಿದಳು: "ಏನ್ ನೋಡ್ತಾ ನಿಂತಿದ್ದೀರೋ, ಎತ್ರೋ ಬೇಗ!"

ಹೋ ಎಂದರು. ನನ್ನ ಬೆನ್ನ ಹಿಂದೆ ನೆಲ ಮೇಲೆದ್ದಿತು. ಕಾಯಿಯೊಳಗಿನ ಕೊಬ್ಬರಿಯ ಹಾಗೆ ನಾನೂ ಅವ್ವನೂ ಒಂದು ಸಲ ಲೊಡಕ್ಕೆಂದೆವು. ಬಾಲ ಗಾಳಿಯಲ್ಲಿ ತೂಗಿ ಮಟ್ಟೆಯ ರಾಶಿಯ ಮೇಲೆ ಮೆತ್ತಗೆ ಕೂತಿತು. ಆ ಒಂದು ಕ್ಷಣದಲ್ಲಿ ನಾನು ಗಾಜಿನಾಚೆ ಕಂಡದ್ದು ಕಂದಿಕೆರೆಯ ಗಾಡಿಯವನನ್ನು. ಅವನು ಎತ್ತಿನ ಹಗ್ಗ ಬಿಟ್ಟು, ರುಮಾಲು ಕೈಗೆ ತೆಗೆದುಕೊಂಡು, ಬಾಯಿ ಬಿಟ್ಟು ನೋಡುತ್ತಿದ್ದ. ಅವನು ಏನು ನೋಡುತ್ತಿದ್ದನೆಂದು ನನಗೂ ಗೊತ್ತಾಯಿತು: ನಾಲ್ಕು ಜನ, ನಡುವೆ ಕೂತ ಮುದುಕಿ, ಹಣೆ ತುಂಬ ವಿಭೂತಿ. ಅವನ ಕೈಗಳು ಒಂದಕ್ಕೊಂದು ಹತ್ತಿರ ಬರುತ್ತಿದ್ದವು.

ಅವ್ವ ಈ ಸಲ ಕಣ್ಣು ಮುಚ್ಚಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಇನ್ನೂ ಇದೀನಿ ಕಣಪ್ಪಾ! ರುಮಾಲು ಸುತ್ಕೋ, ಬಿಸ್ಲು!"

ಬಾಗಿಲು ತೆರೆಯಿತು. ಹೆಂಡತಿಯ ಹೆಗಲು ಹಿಡಿದು ಅವ್ವ ಮೆಟ್ಟಿಲು ಹತ್ತಿದ್ದನ್ನು ನಾನು ಕಾರಿನೊಳಗಿನಿಂದಲೇ ನೋಡಿದೆ. ಅಷ್ಟು ಬೇಗ ಆ ಕಾಲು ಎಂದೂ ನಡೆದಿರಲಿಲ್ಲ. ನನ್ನನ್ನು ಇಳಿಸುವ ಯೋಚನೆ ಆಮೇಲೆ ಸುಮಾರು ಹೊತ್ತು ಯಾರಿಗೂ ಬರಲಿಲ್ಲ. ಆಳುಗಳು ನೀರು ಕುಡಿಯುತ್ತ, ಎತ್ತಿದ್ದು ಹೇಗೆ, ಎಷ್ಟು ಹಗುರ ಎಂದು ಗಾಡಿಯವನಿಗೆ ವಿವರಿಸುತ್ತಿದ್ದರು.

ಆ ಮೇಲೆ ಒಂದು ಸರದಿಯೂ ತಪ್ಪಲಿಲ್ಲ. ಮತ್ತೆ ಮೂರು ಸಲ ಬಾಲ ಎತ್ತಿಸಿಕೊಂಡದ್ದುಂಟು. ಅದರಲ್ಲಿ ಒಂದು ಸಲ ಅಂಗಳ ಖಾಲಿಯಿತ್ತು, ಅವ್ವ ಸುಮ್ಮನೆ ಎತ್ತಿಸಿದಳು ಎಂದು ನನ್ನ ಗುಮಾನಿ. ಕಾಲು ಎಂಬತ್ತರ ಆಸುಪಾಸಿಗೆ ಬಂದು ಅಲ್ಲಿ ಗಟ್ಟಿಯಾಗಿ ನಿಂತಿತು. ಉಳಿದ ಹತ್ತು ಡಿಗ್ರಿಯನ್ನು ನಾನು ಲೆಕ್ಕ ಹಾಕಿ ತುರಿಯುವ ಮಣೆಯ ಅಡಿಗೆ ಮೂರು ಬೆರಳು ದಪ್ಪದ ಹಲಗೆ ಹೊಡೆಸಿದೆ. ಹೊಡೆಯುವ ಮುಂಚೆ ಅವ್ವನನ್ನು ಕೂರಿಸಿ, ಎಬ್ಬಿಸಿ, ಕೈಯಾಡಿಸಲು ಜಾಗವಿದೆಯೇ ಎಂದು ನಾಲ್ಕು ಕಡೆಯಿಂದಲೂ ನೋಡಿದೆ. ಬಾಗಿಲಿಲ್ಲದ ಮಣೆಯಾದರೂ ಭಯ ಭಯವೇ. ಮರುದಿನ ಬೆಳಿಗ್ಗೆ ಎಚ್ಚರವಾದಾಗ ಅಡುಗೆಮನೆಯಿಂದ ತುರಿಯುವ ಸದ್ದು ಬರುತ್ತಿತ್ತು. ಹಾಸಿಗೆಯಲ್ಲಿ ಪಕ್ಕಕ್ಕೆ ನೋಡಿದೆ. ಹೆಂಡತಿ ನನ್ನ ಪಕ್ಕದಲ್ಲೇ ಮಲಗಿ, ಕಣ್ಣು ಬಿಟ್ಟುಕೊಂಡು ಅದನ್ನೇ ಕೇಳುತ್ತಿದ್ದಳು.

"ಚಿಪ್ಪೂ ಸೇರ್ಸಿ ತುರೀತಿದಾರೆ" ಎಂದಳು ಮೆಲ್ಲಗೆ.

ಮೊನ್ನೆ ಭಾವಮೈದ ಬಂದಿದ್ದ. ಅವ್ವ ಈಗ ಕೋಲೂರಿಕೊಂಡು ಓಣಿಯ ಬಾಯವರೆಗೂ ತಾನೇ ನಡೆಯುತ್ತಾಳೆ. ಇನ್ನೇನು, ಇದನ್ನು ಕೊಟ್ಟು ಒಂದು ದೊಡ್ಡ ಕಾರು ತೆಗೆದುಕೊಳ್ಳಿ ಭಾವ, ಮನುಷ್ಯರು ಕೂರುವಂಥದ್ದು ಎಂದ. ನಾನು ಅಭ್ಯಾಸದಂತೆ ಚಿಕ್ಕ ಕಾರಿನ ಅನುಕೂಲಗಳನ್ನು ಹೇಳಲು ಶುರುಮಾಡಿದೆ. ಪೆಟ್ರೋಲು, ಸಂತೆ, ಎಮ್ಮೆ. ಅವ್ವ ಜಗಲಿಯ ಮೇಲೆ ಕೂತು ಒಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ದೊಡ್ಡದು ಬ್ಯಾಡ ಕಣಪ್ಪ" ಎಂದಳು ಅವನಿಗೆ. "ಅದನ್ನ ಎತ್ತಾಕೆ ಎಂಟು ಜನ ಬೇಕು. ಇದಕ್ಕೆ ನಾಕು ಜನ ಸಾಕು."